ಬಾಯ್ನ್ ಕದನ, 1690: ಜೇಮ್ಸ್ ಸೋತದ್ದು ಎಲ್ಲಿ?

ಪ್ರಶ್ನೆ:
ಇಂಗ್ಲೆಂಡಿನ ಪಟ್ಟ ಮೊದಲೇ ಕಳೆದುಕೊಂಡಿದ್ದ ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸ್ ಮತ್ತು ಆ ಪಟ್ಟವೇರಿದ ಅವನ ಪ್ರಾಟೆಸ್ಟಂಟ್ ಅಳಿಯ ಮೂರನೇ ವಿಲಿಯಂ ಐರ್ಲೆಂಡಿನ ಬಾಯ್ನ್ ನದಿಯ ದಡದಲ್ಲಿ ಎದುರಾದರು. ನಡುವೆ ನದಿ ಇದ್ದರೂ ಜೇಮ್ಸ್ ಒಂದೇ ದಿನದಲ್ಲಿ ಸೋತದ್ದು ಸೈನ್ಯ ಚಿಕ್ಕದೆಂದೇ? ತಾರೀಖೂ ಗೊಂದಲ: ಜುಲೈ 1, 11, 12 ಮೂರನ್ನೂ ಬರೆಯುತ್ತಾರೆ.

ಉತ್ತರ 1:
ವಿಲಿಯಂ ಕಡೆ ಸುಮಾರು 36,000, ಜೇಮ್ಸ್ ಕಡೆ ಸುಮಾರು 23,500. ಈ ಅಂತರಕ್ಕಿಂತ ಕೆಟ್ಟದ್ದು ಸೈನ್ಯವನ್ನು ಹಂಚಿದ ರೀತಿ. ಬೆಳಗ್ಗೆಯೇ ವಿಲಿಯಂನ ಸೇನಾನಿ ಮೈನ್‌ಹಾರ್ಟ್ ಷೋಂಬರ್ಗ್ ದೊಡ್ಡ ತುಕಡಿಯೊಂದಿಗೆ ನದಿಯ ಮೇಲ್ಭಾಗದ ರಾಸ್ನರೀ ಕಡೆ ಹೊರಟ. ಜೇಮ್ಸ್‌ ಹಿಮ್ಮೆಟ್ಟಬೇಕಾದರೆ ಡ್ಯೂಲೀಕ್ ಊರಿನ ಮೂಲಕವೇ ಹೋಗಬೇಕು; ಆ ದಾರಿ ಮುಚ್ಚೀತೆಂದು ಹೆದರಿ ತನ್ನ ನೆರವಿಗೆ ಬಂದಿದ್ದ ಫ್ರೆಂಚ್ ಪಡೆಯೂ ಸೇರಿದಂತೆ ಸೈನ್ಯದ ಬಹುಪಾಲನ್ನು ಅತ್ತ ಕಳಿಸಿಬಿಟ್ಟ. ಅಲ್ಲಿ ಇಬ್ಬರ ನಡುವೆ ಕಡಿದಾದ ಕಂದರ, ಜೌಗು ನೆಲ. ಯಾರೂ ದಾಟಲಾಗದೆ ಎದುರುಬದುರು ನಿಂತರು. ನದಿ ದಾಟುವ ಮುಖ್ಯ ಜಾಗವಾದ ಓಲ್ಡ್‌ಬ್ರಿಜ್‌ನಲ್ಲಿ ಉಳಿದದ್ದು ಸಣ್ಣ ಪಡೆ. ನದಿಯ ಆ ಜಾಗದವರೆಗೂ ಸಮುದ್ರದ ಉಬ್ಬರವಿಳಿತ ಬರುವುದರಿಂದ, ನೀರು ಇಳಿದ ಹೊತ್ತಿಗೆ ವಿಲಿಯಂನ ಡಚ್ ಕಾವಲು ಪಡೆ ನಡೆದೇ ದಾಟಿತು.

ಉತ್ತರ 2:
ಬಂದೂಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಚ್ಚರ ಕೈಯಲ್ಲಿ ಚಕಮಕಿ ಬಂದೂಕು. ಐರಿಷ್ ಕಾಲಾಳುಗಳಲ್ಲಿ ಹಲವರ ಬಳಿ ಹಳೆಯ ಬತ್ತಿ ಬಂದೂಕು. ಉರಿಯುವ ಬತ್ತಿಯನ್ನು ಮದ್ದಿನಿಂದ ದೂರ ಹಿಡಿದುಕೊಂಡೇ ಮತ್ತೆ ತುಂಬಬೇಕು, ಹಾಗಾಗಿ ಗುಂಡಿಗೂ ಗುಂಡಿಗೂ ನಡುವೆ ಹೊತ್ತು ಹಿಡಿಯುತ್ತದೆ. ಜೇಮ್ಸ್‌ನ ಕುದುರೆ ಪಡೆಯನ್ನು ಮಾತ್ರ ಹಗುರಾಗಿ ಕಾಣಬೇಡಿ. ಮತ್ತೆಮತ್ತೆ ನುಗ್ಗಿ ಹಿಮ್ಮೆಟ್ಟುವವರಿಗೆ ಸಮಯ ಗಳಿಸಿಕೊಟ್ಟವರು ಅವರೇ. ವಿಲಿಯಂನ ಹಿರಿಯ ಸೇನಾಪತಿ, ಮೈನ್‌ಹಾರ್ಟನ ತಂದೆ ಷೋಂಬರ್ಗ್ ಸತ್ತದ್ದೂ ಓಲ್ಡ್‌ಬ್ರಿಜ್‌ನಲ್ಲೇ. ಎರಡೂ ಕಡೆ ಸೇರಿ ಸತ್ತವರು ಸುಮಾರು 2,000. ಇಷ್ಟು ದೊಡ್ಡ ಸೈನ್ಯಗಳಿಗೆ ಇದು ಕಡಿಮೆ.

ಉತ್ತರ 3:
ತಾರೀಖು: ಇಂಗ್ಲೆಂಡ್ ಆಗ ಬಳಸುತ್ತಿದ್ದ ಜೂಲಿಯನ್ ಪಂಚಾಂಗದಲ್ಲಿ ಜುಲೈ 1. ಆ ಶತಮಾನದಲ್ಲಿ ಗ್ರೆಗೋರಿಯನ್ ಲೆಕ್ಕ 10 ದಿನ ಮುಂದಿತ್ತು, ಆದ್ದರಿಂದ 11 ಸರಿ. 1752ರಲ್ಲಿ ಬ್ರಿಟನ್ ಪಂಚಾಂಗ ಬದಲಿಸುವಾಗ ಅಂತರ 11 ದಿನವಾಗಿತ್ತು. ಅದನ್ನು ಕೂಡಿಸಿದರೆ 12 ಬರುತ್ತದೆ.

ಆದರೆ 'ನಿರ್ಣಾಯಕ' ಪದವನ್ನು ಬಾಯ್ನ್‌ಗೆ ಕೊಡಲು ನನಗೆ ಮನಸ್ಸಿಲ್ಲ. ಜೇಮ್ಸ್ ಫ್ರಾನ್ಸಿಗೆ ಓಡಿಹೋದ, ಡಬ್ಲಿನ್ ವಿಲಿಯಂ ಕೈಸೇರಿತು, ನಿಜ. ಜೇಮ್ಸ್‌ನ ಸೈನ್ಯ ಮಾತ್ರ ಬಹುಮಟ್ಟಿಗೆ ಉಳಿದುಕೊಂಡು ಇನ್ನೂ ಒಂದು ವರ್ಷ ಕಾದಾಡಿತು. ಅದರ ಬೆನ್ನು ಮುರಿದದ್ದು 1691ರ ಆಕ್ರಿಮ್ ಕದನ. ಅಲ್ಲಿ ಆ ಸೈನ್ಯವನ್ನು ನಡೆಸುತ್ತಿದ್ದ ಫ್ರೆಂಚ್ ಸೇನಾಪತಿ ಸೇಂಟ್ ರೂತ್ ಫಿರಂಗಿ ಗುಂಡಿಗೆ ಬಲಿಯಾದ ಮೇಲೆ ಸೈನ್ಯ ಕುಸಿಯಿತು. ಅಕ್ಟೋಬರ್‌ನಲ್ಲಿ ಯುದ್ಧ ಮುಗಿಸಿದ ಲಿಮರಿಕ್ ಒಪ್ಪಂದವಾಯಿತು.