ಮನ್ಯಾಗಿನ ಒಂಟಿ ನಳಿಗೆ ಭರಮಾರ್ ಬಂದೂಕು: ರಿಪೇರಿ ಮಾಡಸೋದೋ, ಬ್ಯಾರೆ ತಗೋಳೋದೋ?

ಔರಾದ_ತೊಗರಿ

ನಮಸ್ಕಾರ್ರಿ ಎಲ್ಲಾರಿಗೂ. ಬೀದರ ಜಿಲ್ಲಾ, ಔರಾದ ತಾಲ್ಲೂಕು. ಬೆಳೆ ರಕ್ಷಣೆ ಲೈಸನ್ಸ್ ಮ್ಯಾಲ ಮನ್ಯಾಗ ಒಂದು ಭರಮಾರ್ ಬಂದೂಕು ಅದ, ಬಾಯಿಂದ ಮದ್ದು ತುಂಬೋದು. ಲೈಸನ್ಸ್ ಅಪ್ಪಾರ ಹೆಸರಿಲೆ ಅದ, ಅವರಿಗೆ 72 ವರ್ಷ. ನಳಿಗೆ ಸುಮಾರು 40 ಇಂಚು, ಹಿಂದ ಎಂಟು ಮೂಲಿ, ಮುಂದ ದುಂಡು. ಕೇಪು (ಹ್ಯಾಮರ್ ಬಡದಾಗ ಕಿಡಿ ಕೊಡೋ ಸಣ್ಣ ಟೊಪ್ಪಿಗಿ) ಹಚ್ಚೋ ನಮೂನಿ. ಐದು ವರ್ಷದಿಂದ ಹಾರಿಸಿಲ್ಲ. ಬಾಯಿ ಹತ್ರ ಒಳಗ ಕೆಂಪು ಜಂಗು ಕಾಣ್ತದ. ಹ್ಯಾಮರ್ ಅರ್ಧಕ್ಕ ಎಳದು ನಿಲ್ಲಿಸಿದ್ರ ನಿಲ್ತದ, ಆದ್ರ ಕುಂದಾಕ್ಕ (ಕಟ್ಟಿಗಿ ಹಿಡಿಕಿಗಿ) ಕೈಲೆ ಬಡದ್ರ ಬಿದ್ದು ಬಿಡ್ತದ.

ಇದನ್ನ ರಿಪೇರಿ ಮಾಡಸೋದು ಛಲೋನೋ, ಇಲ್ಲಾ ಬ್ಯಾರೆ ತಗೋಬೇಕೋ? ರೈಫಲ್ ನಳಿಗೆದು (ಒಳಗ ಸುತ್ತು ಗೀರು ಇರೋದು) ತಗೊಂಡ್ರ ಗುರಿ ಸರಿ ಕೂಡ್ತದ ಅಂತಾರ, ಖರೇನಾ? ಮತ್ತ ಕುಂದಾದ ಮ್ಯಾಲ ಬಿದ್ರಿ ಪಟ್ಟಿ ಕೂಡಸಬೇಕಂತ ಅಪ್ಪಾರ ಆಸೆ, ಆಗ್ತದೇನ್ರಿ?

ಸುರಪುರ_ನಳಿಗೆ

ಅಣ್ಣಾರ, ಎಲ್ಲಕ್ಕಿಂತ ಮೊದಲ ಅದು ಖಾಲಿ ಅದನೋ ಇಲ್ಲೋ ನೋಡಸ್ರಿ. ಅಪ್ಪಾರ ಮುಂದನೇ ಇರಲಿ, ಲೈಸನ್ಸ್ ಅವರದು. ಕೇಪು ಇಲ್ಲದ್ದು ಖಾತ್ರಿ ಮಾಡಿಕೊಂಡು, ಬಾಯಿ ಮಣ್ಣಿನ ಒಡ್ಡಿನ ಕಡೆ ಇಟ್ಟು, ಮಾರಿ ಮತ್ತ ಕೈ ಬಾಯಿಂದ ಬದಿಗಿ ಇಟ್ಟು, ಗಜ (ಮದ್ದು ಜಡಿಯೋ ಕೋಲು) ಮೆಲ್ಲಕ ಒಳಗ ಬಿಡ್ರಿ. ಕುಟ್ಟಬ್ಯಾಡ್ರಿ. ಬಾಯಿ ಅಂಚಿಗಿ ಸರಿಯಾಗಿ ಗಜದ ಮ್ಯಾಲ ಪೆನ್ಸಿಲ್ ಗುರುತು ಹಾಕ್ರಿ. ಹೊರಗ ತಗದು ನಳಿಗೆ ಬಾಜೂ ಹಿಡದು ನೋಡ್ರಿ. ಗಜದ ತುದಿ ನಿಪ್ಪಲ್ (ಕೇಪು ಕೂಡೋ ತೂತಿನ ಮೂತಿ) ಇರೋ ಜಾಗಕ್ಕ ಮುಟ್ಟಬೇಕು. ಎರಡು ಮೂರು ಬೆರಳು ಕಡಿಮಿ ಬಂತಂದ್ರ ಒಳಗ ಏನೋ ಅದ. ಕರಿ ಮದ್ದು ಒಣಗಿದ ಜಾಗದಾಗ ಎಷ್ಟೋ ದಶಕ ಕುಂತ್ರೂ ಸಾಯೋದಿಲ್ಲ.

ಇನ್ನ ಹ್ಯಾಮರ್. ಅರ್ಧಕ್ಕ ನಿಂತಾಗ ಟ್ರಿಗರ್ ಜೋರು ಎಳದ್ರೂ ಬೀಳಬಾರದು, ಕುಂದಾ ಬಡದ್ರಂತೂ ಬೀಳಲೇಬಾರದು. ಲಾಕಿನ (ಹ್ಯಾಮರ್ ನಡಸೋ ಯಂತ್ರದ) ಒಳಗ ಹ್ಯಾಮರ್ ಜೋಡಿ ತಿರಗೋ ಟಂಬ್ಲರ್ ಅಂತ ಒಂದು ತುಂಡು ಅದ. ಅದರ ಅರ್ಧದ ಕಚ್ಚು ಆಳ ಇರ್ತದ, ಟ್ರಿಗರ್ ಎತ್ತೋ ಸಿಯರ್ ಅನ್ನೋ ತುಂಡಿನ ಮೂಗು ಅದರಾಗ ಪೂರಾ ಹೊಕ್ಕು ಕೂಡಬೇಕು. ನಿಮ್ಮದು ಬೀಳ್ತದ ಅಂದ್ರ ಕಚ್ಚಿನ ತುಟಿ ಸವದದ, ಇಲ್ಲಂದ್ರ ಸಿಯರಿನ ಮೂಗು ಮುರದದ. ಅರ್ಧಕ್ಕ ಇದ್ದಾಗ ಟ್ರಿಗರ್ ಎಳದೂ ಎಳದೂ ಮೂಗು ಮುರಿಯೋದೇ ಹೆಚ್ಚು. ಕಾನಸು ಹೊಡದು ಚೂಪು ಮಾಡಿಕೊಟ್ರ ಬ್ಯಾಡ ಅನ್ರಿ. ಮ್ಯಾಲಿನ ಗಟ್ಟಿ ಪದರ ಹೋಗಿ, ಮೆತ್ತಗಿನ ಕಬ್ಬಿಣ ಸ್ವಲ್ಪ ದಿನದಾಗ ಮತ್ತ ಸವೀತದ. ಹೊಸ ಟಂಬ್ಲರ್ ಮಾಡಿಸಬೇಕು, ಇಲ್ಲಾ ಬೆಸುಗಿ ತುಂಬಿ ಕಚ್ಚು ಹೊಸದಾಗಿ ಕಡದು, ಕಾಸಿ ಪಾಣಿ ಕೊಟ್ಟು ಹದ ಇಳಿಸಬೇಕು.

ಖಾಲಿ ಅಂತ ಖಾತ್ರಿ ಆದ ಮ್ಯಾಲ ನಿಪ್ಪಲ್ ಬಿಚ್ಚಿಸಿ ನೋಡ್ರಿ. ಅದರ ತಳದ ತೂತು 0.030 ಇಂಚಿನ ಆಸುಪಾಸು ಇರಬೇಕು. ಸುಟ್ಟು ದೊಡ್ಡದಾಗಿದ್ರ ಹಿಂದ ಗಾಳಿ ಒದ್ದು ಹ್ಯಾಮರ್ ಎದ್ದು ಬರ್ತದ, ಕೇಪಿನ ಚೂರು ಮಾರಿಗಿ ಸಿಡೀತದ. ಹೊಸಾ ನಿಪ್ಪಲ್ ತರುವಾಗ ಚೂಡಿ (ಪೇಚಿನ ಸುತ್ತು) ಅಳತಿ ಗೇಜಿಲೆ ತಗೋರಿ. ಇಂಚಿನ ನಮೂನಿ ಕಾಲಿಂಚು 28 ಚೂಡಿ, ಮಿಲಿಮೀಟರಿನ ನಮೂನಿ 6 ಎಂಎಂ 0.75. ಕಣ್ಣಿಗೆ ಎರಡೂ ಒಂದೇ ಕಾಣ್ತಾವ, ಒಂದರಾಗ ಇನ್ನೊಂದು ಎರಡು ಸುತ್ತು ಹೋಗಿ ಬಿಗೀತದ. ಹಂಗೇ ಒತ್ತಿ ಹೊಕ್ಕಿಸಿದ್ದು ಹಾರಿಸಿದಾಗ ಗುಂಡಿನ ಹಂಗ ಹಿಂದಕ್ಕ ಬರ್ತದ.

ನಳಿಗೆ ಉಬ್ಬ್ಯದನೋ ನೋಡಲಿಕ್ಕ ಗಜಕ್ಕ ಎಣ್ಣಿ ಬಟ್ಟಿ ಬಿಗಿ ಸುತ್ತಿ ಒಳಗಿಂದ ಎಳಿಸ್ರಿ. ಒಂದೇ ಸಮ ಬಿಗಿ ಬರೋದು ಒಂದು ಜಾಗದಾಗ ಒಮ್ಮಿಗೇ ಸಡಲಾದ್ರ ಅಲ್ಲಿ ಉಂಗುರದ ಹಂಗ ಉಬ್ಬ್ಯದ ಅಂತ ತಿಳೀರಿ. ಗುಂಡು ಮದ್ದಿನ ಮ್ಯಾಲ ಪೂರಾ ಕೂಡಲಾರದ ನಡುವ ನಿಂತಿದ್ದಾಗ ಹಾರಿಸಿದ್ರ ಹಿಂಗ ಆಗ್ತದ. ಉಬ್ಬಿದ ನಳಿಗೆಗಿ ರಿಪೇರಿ ಇಲ್ಲ. ಹಿಂದಿನ ಬ್ರೀಚ್ ಪ್ಲಗ್ಗಿನ (ನಳಿಗೆ ಹಿಂದ ಮುಚ್ಚೋ ಪೇಚಿನ) ಸಂದಿನಾಗ ಕರಿ ಮಸಿ ಗೆರಿ ಕಂಡ್ರೂ ಆ ಬಂದೂಕು ಹಾರಸೋದು ಬಿಟ್ಟುಬಿಡ್ರಿ. ಬಾಯಿ ಹತ್ರದ ಜಂಗಿಗಿ ಅಂಜೋದು ಬ್ಯಾಡ, ಅಂಜೋದಿದ್ರ ಮದ್ದು ಹೊತ್ತೋ ಹಿಂದಿನ ಆರು ಇಂಚಿಗೆ ಅಂಜ್ರಿ.

ಕಲಬುರಗಿ_ಗಜ

ರೈಫಲ್ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಬೆಳೆ ಕಾವಲಿಗೆ ರೈಫಲ್ ನಳಿಗೆ ಬೇಡ.

ಒಂದು, ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13(3)ನೇ ಕಲಮಿನಲ್ಲಿ, ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಬಂದೂಕಿಗೆ ಲೈಸನ್ಸ್, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಗೀರಿಲ್ಲದ ನುಣುಪು ನಳಿಗೆಯ ಬೇರೆ ಬಂದೂಕಿಗೆ ಕೊಡಬಹುದು ಎಂದಿದೆ. ನಿಮ್ಮ ಲೈಸನ್ಸ್ ಬಾಯಿಂದ ತುಂಬುವ ಬಂದೂಕಿನದು. ಅದರಲ್ಲಿ ಬರೆದದ್ದು ಬಿಟ್ಟು ಬೇರೆ ನಮೂನೆ ಕೊಳ್ಳಲು ಬರುವುದಿಲ್ಲ.

ಎರಡು, ಕೆಲಸದ ಲೆಕ್ಕ. ರೈಫಲ್ ನಳಿಗೆಯಿಂದ ಚರೆ (ಸಣ್ಣ ಸೀಸದ ಕಾಳು) ಹಾರಿಸಿದರೆ ಗೀರುಗಳು ಚರೆಯನ್ನು ತಿರುಗಿಸಿ ಹೊರಕ್ಕೆ ಚೆಲ್ಲುತ್ತವೆ, ನಡುವೆ ಖಾಲಿ ಉಳಿಯುತ್ತದೆ. ರೈಫಲ್ಲಿನ ಲಾಭ ಸಿಗುವುದು ಒಂಟಿ ಗುಂಡಿಗೆ. ಅಲ್ಲೂ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಹೊಡೆಯುತ್ತದೆ ಎಂಬುದೇ ಮುಖ್ಯ. ಬಟ್ಟೆ ಸುತ್ತಿದ ದುಂಡು ಗುಂಡಿಗೆ 48ರಿಂದ 70 ಇಂಚಿಗೆ ಒಂದು ಸುತ್ತು, ಉದ್ದ ಗುಂಡಿಗೆ 28ರ ಆಸುಪಾಸು. ಬಿಗಿ ಸುತ್ತಿನ ನಳಿಗೆಯಲ್ಲಿ ದುಂಡು ಗುಂಡಿಗೆ ಮದ್ದು ಹೆಚ್ಚಾದರೆ ಬಟ್ಟೆ ಗೀರು ಹಿಡಿಯದೆ ಜಾರಿ ಹರಿಯುತ್ತದೆ. ಅಮೆರಿಕದ ಉದ್ದ ರೈಫಲ್ಲುಗಳ ಪದ್ಧತಿಯಲ್ಲಿ 0.50 ಇಂಚಿನ ನಳಿಗೆಗೆ 0.490 ಗುಂಡು, 0.015 ದಪ್ಪದ ಹತ್ತಿ ಬಟ್ಟೆ. ಬಟ್ಟೆ 0.005 ಇಂಚು ತೆಳುವಾದರೂ ಗುರಿ ಹರಡುತ್ತದೆ. ಇಷ್ಟು ಸೂಕ್ಷ್ಮ ರಾತ್ರಿ ಹೊಲದಲ್ಲಿ ನಡೆಯುವುದಿಲ್ಲ.

ಅಂಗಡಿಯಲ್ಲಿ 'ಎನ್‌ಫೀಲ್ಡ್' ಹೆಸರು ಕೇಳಿ ರೈಫಲ್ ಅಂದುಕೊಳ್ಳಬೇಡಿ. 1853ರ ಎನ್‌ಫೀಲ್ಡ್ 0.577 ಇಂಚು, ಮೂರು ಗೀರಿನದು. 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳಿಗೆಂದು ಬಂದ 1858ರ ನಮೂನೆ 0.656 ಇಂಚಿನ ನುಣುಪು ನಳಿಗೆ. ಹೊರಗಿನಿಂದ ಎರಡೂ ಒಂದೇ ಥರ.

ಕೊಳ್ಳುವುದಾದರೆ ಕೇಪಿನದೇ ಇರಲಿ. ಚಕಮಕಿ ಕಲ್ಲಿನ ಲಾಕಿಗೆ ಕೇಪಿನ ಹಂಗಿಲ್ಲ, ನಿಜ. ಆದರೆ ಶ್ರಾವಣದ ಜಿಟಿಜಿಟಿಯಲ್ಲಿ ಬಟ್ಟಲಿನ ಮದ್ದು ತಂಪು ಹಿಡಿದು ಕೈಕೊಡುತ್ತದೆ. ನಳಿಗೆಯ ಮೇಲಿನ ನಂಬರು, ಮುದ್ರೆ ಕಾಗದಕ್ಕೆ ತಾಳೆಯಾಗಬೇಕು. ಉದ್ದವಾಯಿತೆಂದು ಅದಕ್ಕೆ ಬೇಕಾದ ಲೈಸನ್ಸ್ ಇಲ್ಲದೆ ನಳಿಗೆ ಕತ್ತರಿಸುವುದು ಅಪರಾಧ. ರಿಪೇರಿಯನ್ನೂ ಲೈಸನ್ಸ್ ಇರುವವರಲ್ಲೇ ಮಾಡಿಸಿ, ಊರ ಕಮ್ಮಾರರನ್ನು ಇದರಲ್ಲಿ ಸಿಕ್ಕಿಸಬೇಡಿ.

ಹೆಸರು ಬದಲಿಗೆ: 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಲ್ಲಿ, ಲೈಸನ್ಸ್‌ದಾರರಿಗೆ 70 ತುಂಬಿದ್ದರೆ ವಾರಸುದಾರರು ಅರ್ಜಿ ಹಾಕಲು ಅವಕಾಶವಿದೆ. ತಂದೆಯವರು ಇರುವಾಗಲೇ ಹಾಕಿ. ಬಂದೂಕಿನ ಲೈಸನ್ಸ್ ಇದೆ ಎಂದರೆ ಪ್ರಾಣಿ ಹೊಡೆಯಲು ಪರವಾನಗಿ ಇದೆ ಎಂದಲ್ಲ. ಹಂದಿಗೂ ಅರಣ್ಯ ಇಲಾಖೆಯನ್ನು ಕೇಳಲೇಬೇಕು. ನಿಮ್ಮ ಭಾಗದಲ್ಲಿ ಕೃಷ್ಣಮೃಗ ಓಡಾಡುತ್ತವೆ, ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನವು.

ಔರಾದ_ತೊಗರಿ

ಅಪ್ಪಾರ ಕೈಲೆ ಗಜ ಹಾಕ್ಸಿ ನೋಡಿದೆ ಸರ್. ನಿಪ್ಪಲ್ಲಿಗಿ ಪೂರಾ ನಾಕು ಬೆರಳು ಕಡಿಮಿ ಬಂತು. ತಳಕ್ಕ ಮುಟ್ಟಿದಾಗ ಠಣ್ ಅನ್ನಲಿಲ್ಲ, ಬಟ್ಟಿ ಮ್ಯಾಲ ಬಿದ್ದಂಗ ಮಂದ ಸಪ್ಪಳ ಬಂತು.

ಸುರಪುರ_ನಳಿಗೆ

ಹಂಗಂದ್ರ ತುಂಬಿದ್ದೇ ಅಂತ ತಿಳೀರಿ. ಕಣಜದ ಮಣ್ಣಗೂಡೂ ಇರಬಹುದು, ಆದ್ರ ಲೆಕ್ಕ ತುಂಬಿದ್ದಂತನೇ ಹಿಡೀರಿ. ಹಾರಿಸಿ ಖಾಲಿ ಮಾಡೋಣ ಅನ್ನಬ್ಯಾಡ್ರಿ, ಐದು ವರ್ಷದಾಗ ಗುಂಡು ಮುಂದ ಸರದಿದ್ರ ನಳಿಗೆ ಒಡೀತದ. ಡ್ರಿಲ್ ಹಾಕಬ್ಯಾಡ್ರಿ, ಕಾಸಬ್ಯಾಡ್ರಿ, ಹಿಂದಿನ ಪ್ಲಗ್ ಬಿಚ್ಚಲಿಕ್ಕ ಹೋಗಬ್ಯಾಡ್ರಿ. ಹ್ಯಾಮರ್ ಕೆಳಗ ಇಳಿಸಿ, ಅದಕ್ಕೂ ನಿಪ್ಪಲ್ಲಿಗೂ ನಡುವ ದಪ್ಪ ಚರ್ಮದ ತುಂಡು ಇಟ್ಟು, ಬಾಯಿ ಮಣ್ಣಿನ ಕಡೆ ಮಾಡಿ ಇಡ್ರಿ. ಲೈಸನ್ಸ್ ಇರೋ ರಿಪೇರಿಯವರಿಗಿ ಮೊದಲ ಫೋನ್ ಮಾಡಿ 'ತುಂಬಿದ್ದು' ಅಂತ ಬಾಯಿಬಿಟ್ಟು ಹೇಳ್ರಿ. ಅವರು ಬಾ ಅಂದ್ರ ಅಪ್ಪಾರೇ ಲೈಸನ್ಸ್ ಹಿಡಕೊಂಡು ಹೋಗಲಿ.

ಅವರು ಮೊದಲ ಮದ್ದು ನೀರಿಲೆ ನೆನಸ್ತಾರ, ಆಮ್ಯಾಲ ನಿಪ್ಪಲ್ ಜಾಗದಾಗ ಗ್ರೀಸ್ ನಿಪ್ಪಲ್ ಕೂಡಿಸಿ ಟ್ರ್ಯಾಕ್ಟರಿಗಿ ಹೊಡಿಯೋ ಗ್ರೀಸ್ ಗನ್ನಿಲೆ ಒತ್ತತಾರ. ಕಿಡಿ ಹಾರಲಾರದಂಗ ಗುಂಡು ಮೆಲ್ಲಕ ಬಾಯಿಂದ ಹೊರಗ ಬರ್ತದ. ನೆನದ ಮದ್ದು ಒಣಗಿದ್ರ ಮತ್ತ ಜೀವ ಬರ್ತದ, ಅದಕ್ಕ ಪೂರಾ ತಗದ ಮ್ಯಾಲೇ ಕೆಲಸ ಮುಗೀತು ಅನ್ನಬೇಕು. ಆಮ್ಯಾಲ ಹಿಂದಿನ ಆರು ಇಂಚು ನೋಡಿ ರಿಪೇರಿನೋ ಬ್ಯಾರೇನೋ ಹೇಳಲಿಕ್ಕ ಬರ್ತದ.

ಯಾವುದು ಇಟ್ಟುಕೊಂಡ್ರೂ, ಹಾರಿಸಿದ ದಿನಾನೇ ಉಗುರುಬೆಚ್ಚಗಿನ ಸಾಬೂನು ನೀರಿಲೆ ತೊಳೀರಿ. ಕರಿ ಮದ್ದಿನ ಮಸಿಯಾಗ ಪೊಟ್ಯಾಸಿಯಂ ಉಪ್ಪು ಇರ್ತದ, ಗಾಳ್ಯಾಗಿನ ನೀರು ಎಳಕೋತದ. ಬರೇ ಎಣ್ಣಿ ಒರಸಿದ್ರ ಉಪ್ಪು ಎಣ್ಣಿ ಕೆಳಗೇ ಕುಂತು ತಿಂತದ. ಬಟ್ಟಿ ಬೆಳ್ಳಗ ಬರೋತನ ತೊಳದು, ಒಣಗಿಸಿ, ಎಣ್ಣಿ ಹಚ್ಚಿ, ಮರುದಿನ ಇನ್ನೊಮ್ಮೆ ಬಟ್ಟಿ ಎಳದು ನೋಡ್ರಿ. ಮತ್ತ ಕಾಡತೂಸಿನೊಳಗಿನ ಹೊಗಿ ಇಲ್ಲದ ಮದ್ದು ಇದಕ್ಕ ಒಂದು ಚಿಟಿಕಿನೂ ಹಾಕಬಾರದು, ಆ ಒತ್ತಡ ಈ ನಳಿಗೆ ತಡಿಯೋದಿಲ್ಲ.

ಬೀದರ_ಕರಿಮಣ್ಣು

ಬಿದ್ರಿ ಪಟ್ಟಿ ಆಗ್ತದ, ಕಟ್ಟಿಗಿ ಮ್ಯಾಲ ಮಾತ್ರ. ಬಿದ್ರಿ ಅಂದ್ರ ಜಿಂಕಿನಾಗ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದದ್ದು. ಬಗ್ಗೋದಿಲ್ಲ, ಬಡದ್ರ ಸೀಳ್ತದ. ಅದಕ್ಕ ಟ್ರಿಗರ್ ಗಾರ್ಡು, ಕುಂದಾದ ಹಿಂದಿನ ತಟ್ಟಿ, ಪೇಚು ಇವು ಯಾವೂ ಬಿದ್ರಿಯಾಗ ಮಾಡಸಬ್ಯಾಡ್ರಿ. ಲಾಕಿನಿಂದ ದೂರ, ಕುಂದಾದ ಗಲ್ಲ ತಾಗೋ ಬದಿ ಪಟ್ಟಿ ಕೂಡಲಿ. ಕಟ್ಟಿಗಿ ತೋಡಿ ಪಟ್ಟಿ ಸಮ ಕೂಡಿಸ್ರಿ. ಪೇಚಿನ ತೂತು ಪೇಚಿಗಿಂತ ಒಂದು ನೂಲು ದೊಡ್ಡದಿರಲಿ. ನಮ್ಮ ಬ್ಯಾಸಗಿಗಿ ಕಟ್ಟಿಗಿ ಕುಗ್ಗಿ ಮಳಿಗಾಲಕ್ಕ ಹಿಗ್ಗತದ, ಬಿಗಿ ಕೂಡಿಸಿದ್ರ ಪಟ್ಟಿ ತೂತಿನ ಹತ್ರ ಸೀಳ್ತದ.

ಕಪ್ಪು ಬರಸೋ ಕೆಲಸ ಪಟ್ಟಿ ಬ್ಯಾರೆ ಇದ್ದಾಗಲೇ ಮುಗಿಸ್ಬೇಕು. ಬೀದರ ಕೋಟೆ ಮಣ್ಣಿನ ಜೋಡಿ ಹಾಕೋ ನವಸಾಗರ (ಅಮೋನಿಯಂ ಕ್ಲೋರೈಡ್ ಉಪ್ಪು) ಕಬ್ಬಿಣಕ್ಕ ವೈರಿ. ಕಪ್ಪು ಬಂದ ಮ್ಯಾಲ ಪಟ್ಟಿ ಮೂರು ನಾಕು ನೀರಿನಾಗ ತೊಳದು, ಪೂರಾ ಒಣಗಿಸಿ, ಎಣ್ಣಿ ಉಜ್ಜಿ ಆಮ್ಯಾಲ ಕೂಡಿಸ್ರಿ. ಬಂದೂಕಿಗೇ ಹಚ್ಚಿ ಕಪ್ಪು ಮಾಡಿದ್ರ ಆ ನೀರು ಸಂದಿನಾಗಿಂದ ಲಾಕಿಗಿ ಇಳೀತದ. ಪಟ್ಟಿ ಕೂಡಸೋದನ್ನೂ ಆ ರಿಪೇರಿಯವರ ಹತ್ರಾನೇ ಮಾಡಸ್ರಿ, ನೀವು ಬಿದ್ರಿ ಕಾರ್ಖಾನಿಗಿ ಕುಂದಾದ ಕಾಗದದ ಅಚ್ಚು ಕೊಟ್ರ ಸಾಕು, ಬಂದೂಕು ಒಯ್ಯೋದೇ ಬ್ಯಾಡ.