‘ಹೀಸ್ ಎ ಲೇಡಿ’ ನೋಡಿದವರು ಇದ್ದೀರಾ? ಸುಳ್ಳು ಹೇಳಿ ಕರೆಸಿದ್ದು ಸರಿನಾ?

ಹಳೇ ಟೀವಿ ಪ್ರೇಮಿ:
2004ರಲ್ಲಿ ಅಮೆರಿಕದ ಟಿಬಿಎಸ್ ಚಾನೆಲ್‌ನಲ್ಲಿ ಬಂದ ರಿಯಾಲಿಟಿ ಶೋ ಇದು. 11 ಜನ ಗಂಡಸರು, ಗೆದ್ದವರಿಗೆ 2,50,000 ಡಾಲರ್. ‘ಆಲ್ ಅಮೆರಿಕನ್ ಮ್ಯಾನ್’ ಅನ್ನೋ ಸ್ಪರ್ಧೆ ಅಂತ ನಂಬಿಸಿ ಕರೆಸಿದ್ದರು. ತಾನೇ ಗಟ್ಟಿ ಗಂಡು ಅಂತ ತೋರಿಸೋಕೆ ಬಂದವರ ಮುಂದೆ ವಿಗ್ಗು, ಗೌನು, ಹೈ ಹೀಲ್ಸ್ ಇಟ್ಟು, ಇನ್ನು ಹೆಂಗಸರ ಹಾಗೆ ಬದುಕಿ ಅಂದರು. ತೀರ್ಪುಗಾರರಲ್ಲಿ ನಟಿ ಮಾರ್ಗನ್ ಫೇರ್‌ಚೈಲ್ಡ್, ಬಾಸ್ಕೆಟ್‌ಬಾಲ್ ಆಟಗಾರ ಜಾನ್ ಸ್ಯಾಲಿ ಇದ್ದರು. ಒಂದೇ ಸೀಸನ್‌ಗೆ ಮುಗಿಯಿತು. ಶೋನ ಯೋಚನೆ ನನಗೆ ಇಷ್ಟ, ಆದರೆ ಆ ಸುಳ್ಳು ಮಾತ್ರ ಇವತ್ತಿಗೂ ಚುಚ್ಚುತ್ತೆ. ನಿಮಗೇನನ್ನಿಸುತ್ತೆ?

ಬಣ್ಣದ ಪೆಟ್ಟಿಗೆ:
ನಾನು ಮೇಕಪ್ ಕೆಲಸ ಮಾಡುವವಳು. ಗಂಡಸಿನ ಮುಖಕ್ಕೆ ಹೆಣ್ಣಿನ ಮೇಕಪ್ ಮಾಡೋದು ಸುಮ್ನೆ ಲಿಪ್‌ಸ್ಟಿಕ್ ಹಚ್ಚಿದ ಹಾಗಲ್ಲ. ಎಷ್ಟೇ ನುಣ್ಣಗೆ ಶೇವ್ ಮಾಡಿದರೂ ಗಡ್ಡದ ಜಾಗದಲ್ಲಿ ನೀಲಿ ಛಾಯೆ ಉಳಿಯುತ್ತೆ, ಅದರ ಮೇಲೆ ನೇರವಾಗಿ ಫೌಂಡೇಶನ್ ಹಾಕಿದರೆ ಬೂದಿ ಬಳಿದ ಹಾಗೆ ಕಾಣುತ್ತೆ. ಅದಕ್ಕೇ ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ತಟ್ಟಿ, ಪೌಡರ್ ಹಾಕಿ ಕೂರಿಸಿ, ಆಮೇಲೆ ಫೌಂಡೇಶನ್. ಅಷ್ಟು ಹೊತ್ತೂ ಅಲ್ಲಾಡದೆ ಕೂತಿರಬೇಕು. ಮನಸ್ಸಿಲ್ಲದವರು ಕುರ್ಚಿಯಲ್ಲಿ ಕೂತರೆ ಬೆರಳಿಗೇ ಗೊತ್ತಾಗುತ್ತೆ, ದವಡೆ ಬಿಗಿದುಕೊಂಡಿರುತ್ತೆ. ಹೇಳಿ ಕರೆಸಿದ್ದರೆ ಖುಷಿಯಿಂದ ಕಲಿಯೋಕೆ ಬರುವವರು ಸಿಗ್ತಿರಲಿಲ್ವಾ? 2009ರಲ್ಲಿ ‘ರುಪಾಲ್ಸ್ ಡ್ರ್ಯಾಗ್ ರೇಸ್’ ಅಂತ, ಹೆಣ್ಣಿನ ವೇಷ ಕಟ್ಟೋ ಡ್ರ್ಯಾಗ್ ಕಲಾವಿದರ ಸ್ಪರ್ಧೆ ಶುರುವಾಯಿತಲ್ಲ, ಅಲ್ಲಿಗೆ ಬರುವವರು ಅದನ್ನೇ ಕಲೆ ಅಂತ ನೆಚ್ಚಿಕೊಂಡವರು. ಎಷ್ಟೊಂದು ಸೀಸನ್ ಬಂದಿದೆ ನೋಡಿ.

ಮಳೆಹನಿ:
ನಾನು ಟ್ರಾನ್ಸ್ ಮಹಿಳೆ. ನನಗೆ ನೋವಾಗಿದ್ದು ಬೇರೆ ಕಡೆ. ಗಂಡಸು ಗೌನು ಹಾಕಿದರೆ ತಪ್ಪೇನಿಲ್ಲ, ಆದರೆ ಸುಳ್ಳು ಹೇಳಿ ಹಾಕಿಸಿದಾಗ, ನೋಡುವವರಿಗೆ ಆ ಗೌನು ಒಂದು ಶಿಕ್ಷೆಯ ಹಾಗೆ ಕಾಣುತ್ತೆ. ಅದೇ ವರ್ಷ ಬ್ರಿಟನ್ನಿನಲ್ಲಿ ‘ದೇರ್ಸ್ ಸಮ್‌ಥಿಂಗ್ ಅಬೌಟ್ ಮಿರಿಯಮ್’ ಬಂತು, ಮಿರಿಯಮ್ ಅನ್ನೋ ಹುಡುಗಿಯ ಮನಸ್ಸು ಗೆಲ್ಲೋಕೆ ಗಂಡಸರು ಪೈಪೋಟಿ ಮಾಡೋ ಶೋ. ಮಿರಿಯಮ್ ಟ್ರಾನ್ಸ್ ಮಹಿಳೆ ಅನ್ನೋದನ್ನ ಕೊನೆವರೆಗೂ ಮುಚ್ಚಿಟ್ಟು, ಕೊನೆಯಲ್ಲಿ ಅದನ್ನೇ ದೊಡ್ಡ ಆಘಾತದ ಹಾಗೆ ಬಯಲು ಮಾಡಿದರು. ಸ್ಪರ್ಧಿಗಳು ಕೇಸ್ ಹಾಕಿದರು. ಅವರಿಗೂ ಮೋಸ, ಆ ಹುಡುಗಿಗೂ ಅವಮಾನ. ಆಗ ಟೀವಿಯಲ್ಲಿ ನಮ್ಮಂಥವರು ಕಾಣ್ತಿದ್ದದ್ದೇ ಕಡಿಮೆ, ಕಂಡರೂ ಹೀಗೆ. ಶೋ ಮುಗಿದ ಮೇಲೆ ಆ 11 ಜನ ವಿಗ್ಗು ತೆಗೆದಿಟ್ಟು ಮನೆಗೆ ಹೋದರು. ನಾನು ವೇಷ ಹಾಕಿದವಳಲ್ಲ, ನಾನಿರೋದೇ ಹೀಗೆ ಅಂತ ನನ್ನ ಮನೆಯವರಿಗೆ ತಿಳಿಸೋಕೆ ವರ್ಷಗಳೇ ಹಿಡಿದವು.

ದಾರಿಹೋಕ:
ಸುಳ್ಳು ತಪ್ಪೇ, ಒಪ್ಪಿದೆ. ಆದರೂ ಒಂದು ಮಾತು. ನಾಟಕಕ್ಕೆ ಅಂತ ನಾನೊಮ್ಮೆ ಹೀಲ್ಸ್ ಹಾಕಿದ್ದೆ. ಮೈಭಾರವೆಲ್ಲ ಪಾದದ ಮುಂಭಾಗಕ್ಕೆ ಬಿದ್ದು, ಒಂದು ಗಂಟೆಯಲ್ಲಿ ಮೀನಖಂಡ ಕಲ್ಲಾಗಿತ್ತು, ಮೆಟ್ಟಿಲು ಇಳಿಯೋವಾಗ ಗೋಡೆ ಹಿಡಿದುಕೊಂಡೆ. ಆವತ್ತಿನಿಂದ ಹೆಂಡತಿ ಜೊತೆ ಹೊರಗೆ ಹೋದಾಗ ‘ಬೇಗ ನಡಿ’ ಅಂತ ಹೇಳಿಲ್ಲ.

ಮಳೆಹನಿ:
@ದಾರಿಹೋಕ ಆದರೆ ನಿಮಗೆ ಯಾರೂ ಮೋಸ ಮಾಡಿ ಅದನ್ನ ಹಾಕಿಸಿರಲಿಲ್ಲ, ಅಲ್ವಾ?

ಹಳೇ ಟೀವಿ ಪ್ರೇಮಿ:
@ಮಳೆಹನಿ ನಾನು ಬರೀ ಆ ಗಂಡಸರ ಕಡೆಯಿಂದ ಯೋಚಿಸಿದ್ದೆ. ನೀವು ಹೇಳಿದ್ದು ಹೊಳೆದೇ ಇರಲಿಲ್ಲ. ಬರೆದಿದ್ದಕ್ಕೆ ಥ್ಯಾಂಕ್ಸ್.