ಯಾವ ಆಂಪ್ಲಿಫೈಯರ್: ಲಕ್ಸ್‌ಮನ್ ಎಲ್-550 ಎಎಕ್ಸ್-2 ತಗೊಳ್ಳಲಾ, ಹೆಗೆಲ್ ಎಚ್390 ತಗೊಳ್ಳಲಾ?

ಪ್ರಶ್ನೆ: ನಾನು ಕೇಳೋದು ಜಾಸ್ತಿ ವೀಣೆ, ಪಿಟೀಲು, ಸ್ವಲ್ಪ ಜಾಝ್. ಸ್ಪೀಕರ್ ಸೆನ್ಸಿಟಿವಿಟಿ (ಕೊಟ್ಟ ವಾಟ್‌ಗೆ ಎಷ್ಟು ಸದ್ದು ಮಾಡುತ್ತದೆ ಅನ್ನೋದು) 86 ಡೆಸಿಬೆಲ್, ಹಾಲ್ ಚಿಕ್ಕದು. ಲಕ್ಸ್‌ಮನ್ ದನಿ ತುಂಬಾ ಹಿಡಿಸಿದೆ, ಆದರೆ ಅದು ಕ್ಲಾಸ್ ಎ (ಹಾಡು ಇರಲಿ ಬಿಡಲಿ, ಒಳಗೆ ಸದಾ ಹೆಚ್ಚು ಕರೆಂಟ್ ಹರಿಯುವ ಬಗೆ), 8 ಓಮ್ ಸ್ಪೀಕರ್‌ಗೆ ಬರೀ 20 ವಾಟ್. ಹೆಗೆಲ್ 250 ವಾಟ್ ಕೊಡುತ್ತದೆ. 20 ಸಾಕಾಗುತ್ತಾ?

ಉತ್ತರ: ವಾಟ್ ನೋಡಿ ಹೆದರಬೇಡಿ ಸರ್. ವಾಟ್ ಎರಡು ಪಟ್ಟಾದರೆ ಸದ್ದು ಏರೋದು 3 ಡೆಸಿಬೆಲ್ ಮಾತ್ರ, ಹಾಗಾಗಿ 20ರಿಂದ 250ಕ್ಕೆ ಹೋದರೂ ಸಿಗೋದು ಸುಮಾರು 11 ಡೆಸಿಬೆಲ್. ಚಿಕ್ಕ ಹಾಲ್‌ನಲ್ಲಿ ವೀಣೆಗೆ 20 ಧಾರಾಳ.

ಉತ್ತರ: ಆ 11 ಡೆಸಿಬೆಲ್ ಕಮ್ಮಿ ಏನಲ್ಲ! ಕಛೇರಿ ರೆಕಾರ್ಡಿಂಗ್‌ನಲ್ಲಿ ತನಿ ಆವರ್ತನ ಬಂದಾಗ ಮೃದಂಗದ ಪೆಟ್ಟು ಸರಾಸರಿ ಸದ್ದಿಗಿಂತ ಎಷ್ಟೋ ಮೇಲೆ ಹಾರುತ್ತದೆ, ಅಲ್ಲೇ ಆಂಪ್ಲಿಫೈಯರ್ ಕೈಕೊಟ್ಟರೆ ದನಿ ಒಡೆದು ಒರಟಾಗುತ್ತದೆ. ನಿಮ್ಮ ಸ್ಪೀಕರ್‌ನ ಇಂಪೀಡೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಎಲ್ಲಿಯವರೆಗೆ ಇಳಿಯುತ್ತದೆ ಅಂತ ಮೊದಲು ನೋಡಿ, ಅದು ಇಳಿದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕು. 3 ಓಮ್‌ಗೆ ಇಳಿಯೋದಾದರೆ ನಾನಂತೂ ಹೆಗೆಲ್ ಅಂತೀನಿ.

ಉತ್ತರ: ಎಲ್‌ಪಿ ಕೇಳ್ತೀರಾ? ಲಕ್ಸ್‌ಮನ್‌ನಲ್ಲಿ ಫೋನೋ (ಎಲ್‌ಪಿ ಪ್ಲೇಯರ್‌ನ ಸಣ್ಣ ಸಿಗ್ನಲ್ ಏರಿಸುವ ಭಾಗ) ಒಳಗೇ ಇದೆ, ಡಿಎಸಿ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಭಾಗ) ಇಲ್ಲ. ಹೆಗೆಲ್‌ನಲ್ಲಿ ಡಿಎಸಿ ಇದೆ, ಫೋನೋ ಇಲ್ಲ. ಬೇಕಾದದ್ದನ್ನು ಬೇರೆ ಕೊಳ್ಳುವ ಖರ್ಚೂ ಸೇರಿಸಿಕೊಳ್ಳಿ. ಕ್ಲಾಸ್ ಎ ಆಂಪ್ಲಿಫೈಯರ್, ಹಾಡು ನಿಂತಿದ್ದರೂ ಬಿಸಿಯಾಗೇ ಇರುತ್ತದೆ, ಸುಮ್ನೆ ಮುಚ್ಚಿದ ಶೋಕೇಸ್ ಒಳಗೆ ಇಡಬೇಡಿ. ಇನ್ನೊಂದು, ಜಪಾನಿನಿಂದ ಸೆಕೆಂಡ್ ಹ್ಯಾಂಡ್ ತರಿಸೋದಾದರೆ ಅಲ್ಲಿನದು 100 ವೋಲ್ಟ್, ನಮ್ಮದು 230. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಲೇಬೇಡಿ.